ಪ್ಯಾಡು, ಡಿಸ್ಕು ಮತ್ತು ಪಕ್ಕದ ಸೀಟು

ಬೆಟ್ಟದ ದಾರಿಯಲ್ಲಿ ಹೆಂಡತಿ ಕಾರಿನಿಂದ ಇಳಿದು ಬಸ್ಸು ಹತ್ತಿದ ದಿನದಿಂದ ಕನ್ನಡಕದವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಾಗೆ ನೋಡಿದರೆ ಅವನು ಮೊದಲಿನಿಂದಲೂ ಸುಮ್ಮನೆ ಕೂರುವ ಆಸಾಮಿಯೇ ಅಲ್ಲ. ಊಟಕ್ಕೆ ಕೂತರೆ ಮೊಣಕಾಲು ಅಲ್ಲಾಡುತ್ತಿರುತ್ತದೆ, ಫೋನು ಬಂದರೆ ಮನೆಯ ಉದ್ದಗಲ ಅಳೆಯುತ್ತಾನೆ. ಈಗಂತೂ ಬಾಲ ಸುಟ್ಟ ಬೆಕ್ಕಿನ ಹಾಗಾಗಿದ್ದ.

ಆಗಿದ್ದು ಇಷ್ಟು. ಗಂಡ ಹೆಂಡತಿ ಇಬ್ಬರೂ ಮಗಳ ಊರಿನಿಂದ ವಾಪಸು ಬರುತ್ತಿದ್ದರು. ಗಾಡಿ ಅಂಥಿಂಥದ್ದಲ್ಲ. ಅರ್ಧ ಆಯಸ್ಸು ಕನಸು ಕಂಡು ತಂದದ್ದು. ನೋಡಲು ಎತ್ತರದ, ದಪ್ಪ ಮೈಯ ಎಸ್‌ಯುವಿ, ಒಳಗಿನ ಎಂಜಿನ್ ಮಾತ್ರ ರೇಸಿನ ಕಾರಿಗೆ ಸಮ. ಕಾಲು ಮುಟ್ಟಿಸಿದರೆ ಸಾಕು, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಇಳಿಜಾರಿನ ತಿರುವು ದಾಟಿದ ಕೂಡಲೇ ಎದುರಿಗೆ ಮರದ ದಿಮ್ಮಿ ತುಂಬಿದ ಲಾರಿಯೊಂದು ತೆವಳುತ್ತಿತ್ತು. ಅವನು ಬ್ರೇಕ್ ತುಳಿದ. ಸ್ಟಿಯರಿಂಗ್ ಗಡಗಡ ನಡುಗಿತು, ಪಾದದಡಿ ಪೆಡಲ್ಲು ಕುಣಿಯಿತು, ಸುಟ್ಟ ವಾಸನೆ ಒಳಗೆಲ್ಲ ಹರಡಿತು. ಗಾಡಿ ನಿಂತಾಗ ದಿಮ್ಮಿಯ ತುದಿಗೆ ಕಟ್ಟಿದ್ದ ಕೆಂಪು ಬಟ್ಟೆ ಗಾಜಿನಾಚೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಆಡುತ್ತಿತ್ತು.

ಹೆಂಡತಿ ಕಿರುಚಲಿಲ್ಲ, ಬೈಯಲಿಲ್ಲ. ಮುಂದಿನ ಊರಿನ ಬಸ್ ನಿಲ್ದಾಣ ಬಂದಾಗ "ಇಲ್ಲಿ ಸ್ವಲ್ಪ ನಿಲ್ಸಿ" ಅಂದಳು. ನೀರಿನ ಬಾಟಲಿ ಬೇಕೇನೋ ಎಂದುಕೊಂಡು ನಿಲ್ಲಿಸಿದ. ಅವಳು ಕೈಚೀಲ ತೆಗೆದುಕೊಂಡು ಇಳಿದಳು.

"ನಂಗೆ ಸಾಕಾಯ್ತು. ನಾನು ಬಸ್ಸಲ್ಲಿ ಬರ್ತೀನಿ. ನೀವು ಹೋಗಿ."

ಅಷ್ಟು ಹೇಳಿ ತಿರುಗಿಯೂ ನೋಡದೆ ನಡೆದುಬಿಟ್ಟಳು. ಅವನು ಹೋಗಲಿಲ್ಲ. ಅವಳು ಹತ್ತಿದ ಬಸ್ಸಿನ ಹಿಂದೆ ಹಿಂದೆಯೇ, ಹೊಗೆ ಕುಡಿಯುತ್ತ, ಪ್ರತಿ ನಿಲ್ದಾಣದಲ್ಲೂ ನಿಲ್ಲುತ್ತ, ಕಳ್ಳನ ಹಾಗೆ ಮನೆಯ ತನಕ ಬಂದ. ಗಂಟೆಗೆ ಇನ್ನೂರು ದಾಟಬಲ್ಲ ಗಾಡಿಗೆ ಅಂಥ ಅವಮಾನ ಅದರ ಜನ್ಮದಲ್ಲಿ ಆಗಿರಲಿಕ್ಕಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಹೇಗೋ ಸುಧಾರಿಸಿಕೊಳ್ಳುತ್ತಿದ್ದ. ಆದರೆ ಮಗಳಿಗೆ ದಿನ ತುಂಬುತ್ತ ಬಂದಿತ್ತು. ಚೊಚ್ಚಲ ಹೆರಿಗೆ. ತಿಂಗಳ ಕೊನೆಗೆ ಮತ್ತೆ ಅದೇ ಬೆಟ್ಟ ದಾಟಿ ಹೋಗಬೇಕು. ಹೆಂಡತಿ ಬಸ್ಸಿಗೆ ಟಿಕೆಟ್ ಮಾಡಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಒಂದೇ ಟಿಕೆಟ್. ತಣ್ಣೀರು ತೆಗೆದುಕೊಳ್ಳಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಮೊದಲ ಮೊಮ್ಮಗುವನ್ನು ನೋಡಲು ಹೆಂಡತಿ ಬಸ್ಸಲ್ಲಿ, ತಾನು ಕಾರಲ್ಲಿ ಬೇರೆ ಬೇರೆಯಾಗಿ ಹೋಗಿ ಇಳಿದರೆ ಅಳಿಯನ ಮನೆಯವರು ಏನಂದುಕೊಂಡಾರು? ಅಳಿಯನ ಮನೆಯವರು ಹಾಳಾಗಿ ಹೋಗಲಿ, ಅವಳು ಪಕ್ಕದಲ್ಲಿ ಕೂರುವುದಿಲ್ಲವಲ್ಲ. ಅದು ಅವನಿಗೆ ತಡೆಯಲಾಗದ ಸಂಗತಿಯಾಗಿತ್ತು.

ತಪ್ಪೆಲ್ಲ ಬ್ರೇಕಿನದು ಎಂದು ಅವನು ತೀರ್ಮಾನಿಸಿದ. ಬ್ರೇಕು ಸರಿಯಾದರೆ ಅವಳೂ ಸರಿಯಾಗುತ್ತಾಳೆ.

ಮರುದಿನವೇ ಗಾಡಿ ಗ್ಯಾರೇಜಿಗೆ ಹೋಯಿತು. ಮೆಕ್ಯಾನಿಕ್ ಅದನ್ನು ಮೇಲಕ್ಕೆತ್ತಿ ಮುಂದಿನ ಚಕ್ರ ಬಿಚ್ಚಿ ತೋರಿಸಿದ. ತಟ್ಟೆಯಂಥ ಡಿಸ್ಕಿನ ಮೇಲೆ ಅಲ್ಲಲ್ಲಿ ಕಾದ ಬಾಣಲೆಯ ತಳದ ಹಾಗೆ ನೀಲಿ ಕಲೆ, ಅಂಚಿನಲ್ಲಿ ಬೆರಳಿಗೆ ತಾಗುವಷ್ಟು ಉಬ್ಬು. ಆ ಡಿಸ್ಕನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯಬೇಕಾದ ಪ್ಯಾಡುಗಳು ಸವೆದು ಉಗುರಿನಷ್ಟು ಉಳಿದಿದ್ದವು.

"ಡಿಸ್ಕೂ ಹೋಗಿದೆ, ಪ್ಯಾಡೂ ಹೋಗಿದೆ ಸಾರ್. ಎರಡೂ ಹೊಸದು ಹಾಕ್ಬೇಕು."

"ಯಾವುದು ಹಾಕೋದು?"

"ನಿಮ್ಮಿಷ್ಟ ಸಾರ್. ಡಿಸ್ಕಲ್ಲಿ ಸಾದಾ ಇದೆ, ಗೀರಿರೋದು ಇದೆ, ತೂತಿರೋದು ಇದೆ. ಪ್ಯಾಡಲ್ಲಿ ಸೆರಾಮಿಕ್ಕು, ಮೆಟಲ್ಲು, ಆಮೇಲೆ ಗಟ್ಟಿದು, ಮೆತ್ತಂದು. ಎಲ್ಲಾನೂ ಚೆನ್ನಾಗೇ ಇರ್ತವೆ."

ಈ ಮೆಕ್ಯಾನಿಕ್‌ನ ಗುಣವೇ ಅಷ್ಟು. ಕೈ ಚುರುಕು, ಬಾಯಿ ಮಾತ್ರ ಗಿರಾಕಿ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ. ಎಲ್ಲಾನೂ ಚೆನ್ನಾಗೇ ಇರ್ತವೆ ಎಂಬ ಒಂದು ಮಾತು ಕನ್ನಡಕದವನ ಹತ್ತು ದಿನದ ನಿದ್ದೆ ಕೆಡಿಸಿತು.

ವಿಚಿತ್ರವೆಂದರೆ ಇವನ ಕೆಲಸವೇ ಊರವರಿಂದ ಆಯ್ಕೆ ಮಾಡಿಸುವುದು. ತನ್ನ ಕನ್ನಡಕದ ಅಂಗಡಿಯ ಹಿಂದಿನ ಕತ್ತಲ ಕೋಣೆಯಲ್ಲಿ ಗಿರಾಕಿಯನ್ನು ಕೂರಿಸಿ, ಕಣ್ಣಿನ ಮುಂದೆ ಗಾಜು ಬದಲಾಯಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಾನೆ. ಇನ್ನೊಂದು ಸಲ ತೋರಿಸಿ ಎನ್ನುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತದೆ. ಈಗ ಅವನೇ ಗಾಜಿನ ಆ ಕಡೆ ಕೂತಿದ್ದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನು ತೆಗೆದು ಪ್ಯಾಡುಗಳ ವಿಷಯ ಓದುತ್ತಿದ್ದ, ಗಿರಾಕಿ ಇದ್ದಾಗ ಓದಿದ್ದನ್ನು ಯೋಚಿಸುತ್ತಿದ್ದ. ಜನ್ಮದಲ್ಲಿ ಮುಖ ನೋಡದ ಜನ ಅಲ್ಲಿ ಬ್ರೇಕಿನ ವಿಷಯಕ್ಕೆ ಜುಟ್ಟು ಹಿಡಿದು ಜಗಳವಾಡುತ್ತಿದ್ದರು. ತೂತಿನ ಡಿಸ್ಕು ಬೇಗ ತಣ್ಣಗಾಗುತ್ತದೆ ಎಂದು ಒಬ್ಬ ಬರೆದರೆ, ಆ ತೂತಿನ ಸುತ್ತಲೇ ಬಿರುಕು ಬಿಡುತ್ತದೆ ಎಂದು ಇನ್ನೊಬ್ಬ ಫೋಟೋ ಹಾಕಿದ್ದ. ಸೆರಾಮಿಕ್ ಸದ್ದು ಮಾಡುವುದಿಲ್ಲ, ಚಕ್ರಕ್ಕೆ ಮಸಿ ಹಿಡಿಯುವುದಿಲ್ಲ, ಆದರೆ ಭಾರದ ಗಾಡಿ ಬೆಟ್ಟ ಇಳಿಯುವಾಗ ಸಾಲದಂತೆ. ಇಲ್ಲ, ಧಾರಾಳವಾಗಿ ಸಾಲುತ್ತದಂತೆ. ಸಾಲುತ್ತದೆ ಎಂದವನಿಗೆ ಬುದ್ಧಿ ಇಲ್ಲವಂತೆ.

ರಾತ್ರಿ ಊಟದ ಮೇಜಿನಲ್ಲಿ ಹೆಂಡತಿ ಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಶಾಲೆಯಲ್ಲಿ ಗಣಿತ ಹೇಳಿಕೊಡುವವಳು; ತನ್ನದೊಂದು ಹಳೆಯ ಪುಟ್ಟ ಕಾರಿನಲ್ಲಿ ದಿನಾ ಹೋಗಿ ಬರುವವಳು. ಅವನು ಫೋನನ್ನು ಅವಳ ಕೆಂಪು ಪೆನ್ನಿನ ಅಡಿಗೇ ತೂರಿಸಿದ.

"ಗೀರಿರೋದು ಚೆನ್ನಾಗಿದೆಯಾ, ತೂತಿರೋದಾ?"

"ಚಕ್ರದೊಳಗಿರೋದು ಯಾರಿಗ್ರೀ ಕಾಣುತ್ತೆ?"

"ಕಾಣೋದಕ್ಕಲ್ಲ ಮಾರಾಯ್ತಿ. ನಿನಗೋಸ್ಕರಾನೇ ಇಷ್ಟೆಲ್ಲ ತಲೆ ಕೆಡಿಸ್ಕೊಂಡಿರೋದು."

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಆಮೇಲೆ ಮುಂದಿನ ಪತ್ರಿಕೆ ತೆಗೆದುಕೊಂಡು ಯಾರದೋ ತಪ್ಪು ಲೆಕ್ಕಕ್ಕೆ ಅಡ್ಡಗೆರೆ ಎಳೆದಳು.

ಇಂಥ ಹೊತ್ತಿನಲ್ಲಿ ಮೂಗು ತೂರಿಸಲು ಪ್ರತಿ ಮನೆಗೂ ಒಬ್ಬ ಇರುತ್ತಾನೆ. ಈ ಮನೆಗೆ ಭಾವಮೈದ, ಹೆಂಡತಿಯ ತಮ್ಮ. ಅವನು ಓಡಿಸುವುದು ಸ್ಕೂಟರು. ಮಾತಾಡುವುದು ರೇಸಿನ ವಿಷಯ.

"ಭಾವ, ಇಷ್ಟು ಪವರ್ ಇರೋ ಗಾಡಿಗೆ ಯಾರಾದ್ರೂ ಸಾದಾ ಪ್ಯಾಡ್ ಹಾಕ್ಸ್ತಾರಾ? ರೇಸಿಂದು ಹಾಕ್ಸಿ. ತೂತಿನ ಡಿಸ್ಕು, ರೇಸಿನ ಪ್ಯಾಡು. ಕಾಲಿಟ್ರೆ ನಿಂತ್ಬಿಡಬೇಕು. ಅಕ್ಕ ತಾನಾಗೇ ಬಂದು ಕೂರ್ತಾಳೆ."

ಕೊನೆಯ ಮಾತು ಕನ್ನಡಕದವನ ಎದೆಗೆ ನಾಟಿತು. ಅಲ್ಲಿಯವರೆಗೆ ಓದಿದ್ದೆಲ್ಲ ಮರೆತು ಬೆಳಗಾಗುವುದನ್ನೇ ಕಾಯ್ದು ಗ್ಯಾರೇಜಿಗೆ ಓಡಿದ. ರೇಸಿಂದಾ ಸಾರ್, ಅದೂ ಚೆನ್ನಾಗೇ ಇರುತ್ತೆ ಎಂದ ಮೆಕ್ಯಾನಿಕ್. ಸಾಮಾನು ಬಂದು ಜೋಡಣೆಯಾಗುವ ತನಕ ಕನ್ನಡಕದವನು ಗ್ಯಾರೇಜಿನ ಬಾಗಿಲಿಗೂ ರಸ್ತೆಗೂ ನಡುವೆ ನಡೆದು ನಡೆದು ಚಪ್ಪಲಿ ಸವೆಸಿದ.

ಆ ಸಂಜೆ ಹೆದ್ದಾರಿಯಲ್ಲಿ ಗಾಡಿ ನಿಂತ ರೀತಿಗೆ ಅವನಿಗೆ ಕುಣಿಯಬೇಕೆನಿಸಿತು. ಸ್ಟಿಯರಿಂಗ್ ನಡುಗಲಿಲ್ಲ. ಕಾಲಿಟ್ಟರೆ ಭೂಮಿಯೇ ಹಿಡಿದುಕೊಂಡ ಹಾಗೆ. ಕಿರ್ರೋ ಎಂಬ ಸದ್ದೊಂದು ಬರುತ್ತಿತ್ತು, ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಚಳಿಯಿತ್ತು. ಅವನು ಹೆಂಡತಿಯನ್ನು ಕೂಗಿ ಬಾಲ್ಕನಿಗೆ ಕರೆದ. "ಅಲ್ಲೇ ನಿಂತು ನೋಡು, ಹೇಗೆ ನಿಲ್ಲುತ್ತೆ ಅಂತ" ಎಂದು ಗಾಡಿಯನ್ನು ಬೀದಿಯ ಮೇಲ್ತುದಿಗೆ ಒಯ್ದು ತಿರುಗಿಸಿಕೊಂಡ. ಬೀದಿ ಮನೆಯ ಕಡೆಗೆ ಇಳಿಜಾರು. ಠೀವಿಯಿಂದ ಇಳಿದು ಬಂದು ಸರಿಯಾಗಿ ಗೇಟಿನ ಮುಂದೆ ಬ್ರೇಕ್ ತುಳಿದ. ಪೆಡಲ್ಲು ಕಲ್ಲಿನಷ್ಟು ಗಟ್ಟಿಯಿತ್ತು, ಗಾಡಿ ಮಾತ್ರ ತನಗೆ ಸಂಬಂಧವೇ ಇಲ್ಲದ ಹಾಗೆ ಮುಂದೆ ಹೋಗುತ್ತಲೇ ಇತ್ತು. ಬೀದಿಯ ನಾಯಿಗಳೆಲ್ಲ ಎದ್ದು ಬೊಗಳುವಂತೆ ಕಿರುಚಿ, ಗೇಟನ್ನು ಒಳಕ್ಕೆ ಬಗ್ಗಿಸಿ, ಎರಡು ಹೂಕುಂಡ ಉರುಳಿಸಿ ನಿಂತಿತು.

ಹೆಂಡತಿ ಬಾಲ್ಕನಿಯಿಂದ ಬಗ್ಗಿ ನೋಡಿದಳು.

"ನಿಮಗೇನೂ ಆಗಿಲ್ಲ ತಾನೆ?"

"ಇಲ್ಲ."

"ಹಾಗಾದ್ರೆ ಗೇಟು ರಿಪೇರಿ ಮಾಡ್ಸಿ" ಎಂದು ಒಳಗೆ ಹೋದಳು.

ಅವನು ಅಲ್ಲೇ ನಿಂತು ಭಾವಮೈದನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದ. ರೇಸಿನ ಪ್ಯಾಡು ಹೀಗೆ ಮಾಡುವುದು ಆ ಕಡೆಯವನಿಗೇನೂ ಹೊಸ ವಿಷಯವಲ್ಲ.

"ಅದು ಬಿಸಿ ಆದ್ಮೇಲೆ ಹಿಡಿಯೋದು ಭಾವ. ರೇಸಲ್ಲಿ ಮೊದ್ಲು ಒಂದು ಸುತ್ತು ಹೊಡೆದು ಕಾಯಿಸ್ಕೋತಾರೆ."

"ಹಾಲು ತರೋಕೆ ಹೋಗೋವಾಗ ಎಲ್ಲಿ ಸುತ್ತು ಹೊಡೀಲಯ್ಯಾ?"

"ಅದೂ ನಿಜ ಅನ್ನಿ" ಎಂದ ಭಾವಮೈದ.

ಗೇಟು ನೆಟ್ಟಗಾಯಿತು. ಕನ್ನಡಕದವನು ನೆಟ್ಟಗಾಗಲಿಲ್ಲ. ಬಿಸಿಯಾದರೆ ಹಿಡಿಯುವುದು ಚಳಿಯಲ್ಲಿ ಹಿಡಿಯುವುದಿಲ್ಲ, ಚಳಿಯಲ್ಲಿ ಹಿಡಿಯುವುದು ಬೆಟ್ಟದಲ್ಲಿ ಕೈಕೊಟ್ಟರೆ? ಫ್ರಿಜ್ಜಿನ ಮೇಲಿನ ತಾರೀಖು ಹತ್ತಿರವಾಗುತ್ತಿತ್ತು. ಹೆಂಡತಿ ಹಳೆಯ ಹತ್ತಿ ಸೀರೆಗಳನ್ನು ಕತ್ತರಿಸಿ ಕೂಸಿಗೆ ಮೆತ್ತನೆಯ ಬಟ್ಟೆ ಹೊಲಿದು ಚೀಲಕ್ಕೆ ತುಂಬುತ್ತಿದ್ದಳು. ಆ ಹೊಲಿಗೆ ಯಂತ್ರದ ಸದ್ದು ನಿಂತಾಗಲೆಲ್ಲ ಅವನಿಗೆ ಅವಳು ಹೊರಟೇಬಿಟ್ಟಳೇನೋ ಎನಿಸಿ ಎದ್ದು ಹೋಗಿ ನೋಡಿ ಬರುತ್ತಿದ್ದ.

ಕೊನೆಗೆ ಆಯ್ಕೆಯಾದದ್ದು ಅಂಗಡಿಯ ಕತ್ತಲ ಕೋಣೆಯಲ್ಲೇ. ನಿವೃತ್ತ ಪೋಸ್ಟ್‌ಮಾಸ್ಟರರೊಬ್ಬರು ಇನ್ನೊಂದು ಸಲ ತೋರಿಸಿ, ಇನ್ನೊಂದೇ ಸಲ ಎಂದು ಪ್ರಾಣ ತಿಂದಾಗ ಅವನು ಎಂದಿನ ಹಾಗೆ, "ಎರಡರಲ್ಲೂ ನಿಮಗೆ ಕೊನೇ ಸಾಲು ಕಾಣ್ತಾ ಇದೆ. ಇಷ್ಟಕ್ಕೇ ನಿಲ್ಸೋಣ" ಅಂದ. ಅಂದವನಿಗೆ ತನ್ನ ಮಾತು ತನಗೇ ಕೇಳಿಸಿತು. ಪೋಸ್ಟ್‌ಮಾಸ್ಟರರನ್ನು ಕಳಿಸಿ, ಬಾಗಿಲು ಹಾಕಿ, ನೇರ ಗ್ಯಾರೇಜಿಗೆ ಹೋದ. ಗಾಡಿಯ ಜೊತೆ ಬಂದಿದ್ದಂಥದ್ದೇ ತೂತಿಲ್ಲದ, ಗೀರಿಲ್ಲದ ಸಾದಾ ಡಿಸ್ಕು. ಬೆಳಗಿನ ಚಳಿಯಲ್ಲೂ ಹಿಡಿಯುವ, ಭಾರದ ಗಾಡಿಗೆಂದೇ ಮಾಡಿದ ರಸ್ತೆಯ ಪ್ಯಾಡು.

"ಅದಂತೂ ತುಂಬಾ ಚೆನ್ನಾಗಿರುತ್ತೆ ಸಾರ್" ಎಂದ ಮೆಕ್ಯಾನಿಕ್.

ಜೋಡಿಸಲು ಹೊತ್ತು ಹಿಡಿಯುತ್ತದೆ, ಮನೆಗೆ ಹೋಗಿ ಬನ್ನಿ ಎಂದರೂ ಕನ್ನಡಕದವನು ಕೇಳಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು. ಮೂಲೆಯಲ್ಲಿದ್ದ ಬಟ್ಟೆ, ಬಕೆಟ್ಟು ತೆಗೆದುಕೊಂಡು, ಇನ್ನೂ ಮೇಲಕ್ಕೆತ್ತದೆ ನಿಂತಿದ್ದ ಗಾಡಿಯ ಒಳಗನ್ನು ಒರೆಸಲು ಶುರು ಮಾಡಿದ. ತನ್ನ ಕಡೆಯದ್ದನ್ನು ಮುಗಿಸಿ ಪಕ್ಕದ ಸೀಟಿನ ಕಡೆ ಬಂದ. ಗಾಡಿ ಮನೆಗೆ ಬಂದ ಆರು ವರ್ಷದಲ್ಲಿ ಆ ಬಾಗಿಲನ್ನು ಅವನು ತೆಗೆದದ್ದೇ ಕಡಿಮೆ. ಕಾಲಡಿಯ ರಬ್ಬರ್ ಮ್ಯಾಟನ್ನು ಎಳೆದು ಹೊರಗೆ ಹಾಕಿ ನೀರು ಸುರಿದು ಉಜ್ಜಿದ. ಮಣ್ಣು ಹೋಯಿತು. ಒಂದು ಕಡೆ ಮಾತ್ರ ಬಟ್ಟೆ ನುಣ್ಣಗೆ ಜಾರಿತು.

ಬಗ್ಗಿ ನೋಡಿದ. ಮ್ಯಾಟಿನ ತುಂಬ ಚೌಕಚೌಕದ ಉಬ್ಬುಗೆರೆಗಳಿದ್ದವು, ಹೊಸದರಲ್ಲಿದ್ದ ಹಾಗೆಯೇ. ಬಲಗಾಲು ಬೀಳುವ ಕಡೆ ಒಂದು ಅಂಗೈಯಗಲ ಆ ಗೆರೆಗಳೇ ಇರಲಿಲ್ಲ. ಸವೆದು ತಗ್ಗಾಗಿತ್ತು. ಬೆಳಕಿಗೆ ಹಿಡಿದರೆ ಆಚೆಯದು ಕಾಣುವಷ್ಟು ತೆಳ್ಳಗಾಗಿತ್ತು. ಅವನು ಅದರ ಮೇಲೆ ಹೆಬ್ಬೆರಳಿಟ್ಟ. ಮೆಕ್ಯಾನಿಕ್ ತೋರಿಸಿದ ಹಳೆಯ ಪ್ಯಾಡಿನ ಮೇಲೂ ಹೀಗೆಯೇ ಬೆರಳಿಟ್ಟು ನೋಡಿದ್ದ.

ಆ ಸೀಟಿನಲ್ಲಿ ಅವಳನ್ನು ಬಿಟ್ಟು ಇನ್ಯಾರೂ ಕೂತವರಿಲ್ಲ.

ಮೊದಮೊದಲು ಅವಳು ಬಾಯಿಬಿಟ್ಟು ಹೇಳುತ್ತಿದ್ದಳು. ಸ್ವಲ್ಪ ನಿಧಾನ ರೀ, ಮುಂದೆ ಗಾಡಿ ಇದೆ. ಅವನದು ಒಂದೇ ಉತ್ತರ: "ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡೋನು ನಾನು. ನಂಗೆ ಕಣ್ಣಿಲ್ವಾ?" ಎಷ್ಟೋ ಸಲ ಸ್ನೇಹಿತರ ಮುಂದೆಯೂ ಅದನ್ನು ಹೇಳಿ ನಗಿಸಿದ್ದಾನೆ. ಆಮೇಲೆ ಯಾವಾಗಲೋ ಅವಳು ಹೇಳುವುದನ್ನು ಬಿಟ್ಟಳು. ಈಗ ನನ್ನ ಕೈ ಮೇಲೆ ನಂಬಿಕೆ ಬಂದಿದೆ ಎಂದು ಅವನು ಬೀಗಿದ್ದ. ಬಾಯಿ ಸುಮ್ಮನಾಗಿತ್ತು ಅಷ್ಟೆ. ಕಾಲು ಆರು ವರ್ಷದಿಂದ ಒಂದೇ ಸಮನೆ ಬ್ರೇಕ್ ಹಾಕುತ್ತಲೇ ಇತ್ತು. ಅವನು ತಡವಾಗಿ ತುಳಿದ ಪ್ರತಿಯೊಂದು ಸಲವೂ ಅವಳು ಮೊದಲೇ ತುಳಿದಿದ್ದಳು. ಅವನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ, ಅವಳು ಆ ಸೀಟಿನಲ್ಲಿ ಒಬ್ಬಳೇ ಎಷ್ಟು ಹೆದರಿರಬೇಕು ಎಂದು ನೆನೆದು ದುಃಖ ಒತ್ತಿ ಬಂತು.

"ಮ್ಯಾಟು ಹೋಗಿದ್ಯಲ್ಲ ಸಾರ್" ಎಂದ ಮೆಕ್ಯಾನಿಕ್, ಕೈ ಒರೆಸಿಕೊಳ್ಳುತ್ತ ಬಂದು. "ಹೊಸ ಸೆಟ್ ಹಾಕ್ಲಾ?"

"ಬೇಡ. ಅದು ಇರಲಿ."

ಸಂಜೆ ಗಾಡಿ ಕೈಗೆ ಬಂತು. ಹೊಸ ಪ್ಯಾಡು ಡಿಸ್ಕಿಗೆ ಒಗ್ಗಬೇಕು, ಖಾಲಿ ರಸ್ತೆಗೆ ಹೋಗಿ ವೇಗ ಹಿಡಿದು ನಿಧಾನ ಮಾಡಿ, ಪೂರ್ತಿ ನಿಲ್ಲಿಸಬೇಡಿ, ಮತ್ತೆ ವೇಗ, ಮತ್ತೆ ನಿಧಾನ, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ತಣ್ಣಗಾಗಲು ಬಿಡಿ ಎಂದು ಮೆಕ್ಯಾನಿಕ್ ಹೇಳಿ ಕಳಿಸಿದ. ಊರಾಚೆಯ ರಸ್ತೆಯಲ್ಲಿ ಅವನು ಹಾಗೆಯೇ ಮಾಡಿದ. ನಿಲ್ಲದೆ ನಿಧಾನವಾಗಬೇಕಾದರೆ ಬಹಳ ದೂರದಿಂದಲೇ ನೋಡಿಕೊಂಡು ಕಾಲಿಡಬೇಕು ಎಂಬುದು ಅವನಿಗೆ ಹೊಸ ಪಾಠ. ಪ್ರತಿ ಸಲ ಕಾಲಿಟ್ಟಾಗಲೂ ಕಣ್ಣು ಖಾಲಿ ಸೀಟಿನ ಕಡೆ ಹೋಗುತ್ತಿತ್ತು.

ಮನೆಗೆ ಬಂದಾಗ ಅವಳು ಕೂಸಿನ ಬಟ್ಟೆ ಮಡಚುತ್ತಿದ್ದಳು.

"ಸರಿಯಾಯ್ತಾ ಬ್ರೇಕು?"

"ಸರಿಯಾಯ್ತು." ಅವನು ಬಾಗಿಲಲ್ಲೇ ನಿಂತ. "ನಿನ್ನ ಕಾಲಡಿ ಮ್ಯಾಟು ನೋಡ್ದೆ."

ಅವಳ ಕೈ ನಿಂತಿತು.

"ಇಷ್ಟು ವರ್ಷ ನಂಗೆ ಗೊತ್ತೇ ಆಗ್ಲಿಲ್ಲ ಕಣೇ."

"ಹೇಳ್ತಿದ್ದೆ. ನಿಮಗೆ ಕಣ್ಣಿದೆ ಅಂದ್ರಿ."

ಅವನು ಒಳಗೆ ಬಂದ. ಜೇಬಿನಿಂದ ಕೀಲಿ ತೆಗೆದು ಬಟ್ಟೆಯ ರಾಶಿಯ ಪಕ್ಕ ಇಟ್ಟ.

"ನೀನೇ ಓಡಿಸು. ನಾನು ಪಕ್ಕದಲ್ಲಿ ಕೂರ್ತೀನಿ."

"ಆ ಗಾಡೀನಾ? ನಂಗೆ ಅದರ ಪವರ್ ತಡೆಯೋಕಾಗಲ್ಲ ಅಂತಿದ್ರಿ."

"ಅಂತಿದ್ದೆ."

"ನೀವು ಸುಮ್ನೆ ಕೂರೋ ಪೈಕಿನಾ?"

"ಕೂರ್ತೀನಿ."

ಅವಳು ಕೀಲಿಯನ್ನು ಮುಟ್ಟಲಿಲ್ಲ, ವಾಪಸೂ ಕೊಡಲಿಲ್ಲ. ಹೊರಡುವ ಬೆಳಿಗ್ಗೆಯ ತನಕ ಅದು ಅಲ್ಲೇ ಇತ್ತು. ಅಲ್ಲಿಯ ತನಕ ಅವನ ಜೀವ ಕೈಯಲ್ಲಿತ್ತು. ಅವತ್ತು ಎದ್ದು ನೋಡಿದರೆ ಕೀಲಿಯೂ ಇಲ್ಲ, ಫ್ರಿಜ್ಜಿನ ಮೇಲೆ ಟಿಕೆಟ್ಟೂ ಇಲ್ಲ. ಎದ್ದುಬಿದ್ದು ಓಡಿದ. ಹೊರಗೆ ಬಂದರೆ ಅವಳು ಗಾಡಿಯೊಳಗೆ ಕೂತು, ಸೀಟನ್ನು ಮುಂದಕ್ಕೆ ಎಳೆದುಕೊಂಡು ಕನ್ನಡಿ ಸರಿಮಾಡುತ್ತಿದ್ದಳು. ಅವನು ಪಕ್ಕದಲ್ಲಿ ಹತ್ತಿ ಕೂತಾಗ ಕೈಚೀಲದಿಂದ ಬಸ್ಸಿನ ಟಿಕೆಟ್ ತೆಗೆದು ಅವನ ಕೈಗಿಟ್ಟಳು.

"ಇದು ನಿಮ್ಮ ಹತ್ರ ಇರಲಿ. ದಾರೀಲಿ ಬಾಯಿ ಬಿಟ್ರೆ ಮುಂದಿನ ಊರಲ್ಲಿ ಇಳಿಸಿ ಬಸ್ಸು ಹತ್ತಿಸ್ತೀನಿ."

ಅವನು ಬಾಯಿ ಬಿಡಲಿಲ್ಲ. ಊರು ದಾಟಿತು, ಬೆಟ್ಟ ಹತ್ತಿತು, ಮೊಣಕಾಲು ಅಲ್ಲಾಡುತ್ತಿತ್ತು, ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡ. ಆ ಕಡೆಯ ಇಳಿಜಾರಿನಲ್ಲಿ ಒಂದು ತಿರುವು ಕಳೆದಾಗ ದೂರದಲ್ಲಿ ಲಾರಿಯೊಂದರ ಬೆನ್ನು ಕಾಣಿಸಿತು. ಅವನ ಬಲಗಾಲು ಅವನನ್ನು ಕೇಳದೆಯೇ ಮುಂದೆ ಹೋಗಿ ನೆಲವನ್ನು ಬಲವಾಗಿ ತುಳಿಯಿತು. ಚಪ್ಪಲಿಯ ಅಡಿಯಲ್ಲೂ ಆ ತಗ್ಗು ತಿಳಿಯುತ್ತಿತ್ತು. ಅಷ್ಟರಲ್ಲಿ ಗಾಡಿ ಆಗಲೇ ನಿಧಾನವಾಗಿತ್ತು. ಅವಳು ಯಾವಾಗ ಬ್ರೇಕ್ ಮುಟ್ಟಿದಳೋ ಅವನಿಗೆ ಗೊತ್ತೂ ಆಗಿರಲಿಲ್ಲ. ನಡುಕವಿಲ್ಲ, ಸದ್ದಿಲ್ಲ.

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಅಲ್ಲಿ ಬ್ರೇಕ್ ಇಲ್ಲ ರೀ" ಅಂದಳು. "ನಾನೂ ತುಂಬ ಹುಡುಕಿದೀನಿ."

ಅವನು ಜೇಬಿನ ಟಿಕೆಟ್ಟನ್ನು ಮುಟ್ಟಿ ನೋಡಿಕೊಂಡು ಬಾಯಿ ಮುಚ್ಚಿ ಕೂತ. ಕಾಲನ್ನು ಮಾತ್ರ ಅಲ್ಲಿಂದ ತೆಗೆಯಲಾಗಲಿಲ್ಲ.